ಗರಿಯ ಗಾಳ, ಮೊಟ್ಟೆಯ ಕಾಲ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಕನ್ನಡಿಗರ ಪ್ರವಾಸದ ಪಟ್ಟಿಯಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೊಂಟಾನಾ ರಾಜ್ಯದ ವೆಸ್ಟ್ ಯೆಲ್ಲೋಸ್ಟೋನ್ ಎಂಬ ಪುಟ್ಟ ಊರಿನ ಗೇಟು ದಾಟಿ ಒಳಹೊಕ್ಕರೆ ಸುಮಾರು 22 ಕಿಲೋಮೀಟರ್ ದೂರದ ಹಾದಿಯಲ್ಲಿ ಬಹುಪಾಲು ಒಂದು ನದಿ ರಸ್ತೆಗೆ ಜೊತೆಯಾಗಿ ಬರುತ್ತದೆ. ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆ ಚಿಮ್ಮುವ ಹೊತ್ತಿಗೆ ಅಲ್ಲಿರಬೇಕೆಂಬ ಅವಸರದಲ್ಲಿ ಈ ನದಿಯನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ದಡದ ಹುಲ್ಲಿನಲ್ಲಿ ಬೈಸನ್ ಹಿಂಡು ಕಂಡರೆ ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಇದೇ ಮ್ಯಾಡಿಸನ್ ನದಿ. ಟ್ರೌಟ್ ಮೀನಿಗೆ ಗಾಳ ಹಾಕುವವರ ಲೋಕದಲ್ಲಿ ಇದರ ಹೆಸರು ಕೇಳದವರು ಕಡಿಮೆ.

ಆ ನದಿಯನ್ನು ನೋಡಬೇಕಾದ ಕಾಲ ಅಕ್ಟೋಬರಿನ ಕೊನೆ. ಆ ಹೊತ್ತಿಗೆ ಪ್ರವಾಸಿಗರ ಬಸ್ಸುಗಳು ನಿಂತಿರುತ್ತವೆ, ಊರಿನ ಅರ್ಧಕ್ಕರ್ಧ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಮಧ್ಯಾಹ್ನಕ್ಕೆ ಮೋಡ ಕವಿದು ಮಳೆಯೋ ಹಿಮವೋ ಗೊತ್ತಾಗದ ಹನಿ ಬೀಳಲು ಶುರುವಾಗುತ್ತದೆ. ಇಂಥ ಹವೆಯಲ್ಲಿ ಸೊಂಟಮಟ್ಟದ ನೀರಿಗಿಳಿದು, ರಬ್ಬರಿನಂಥ ಉದ್ದನೆಯ ಜಲನಿರೋಧಕ ಉಡುಪು ತೊಟ್ಟು, ತೆಳ್ಳನೆ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತ ನಿಂತವರು ಕಾಣುತ್ತಾರೆ. ಕೆಳಗಿನ ಹೆಬ್ಗೆನ್ ಸರೋವರದಿಂದ ಮೊಟ್ಟೆ ಇಡಲು ಹೊಳೆ ಹತ್ತಿ ಬರುವ ಬ್ರೌನ್ ಟ್ರೌಟ್ ಮೀನುಗಳಿಗಾಗಿ ಅವರು ದೂರದೂರದ ರಾಜ್ಯಗಳಿಂದ ಬಂದಿರುತ್ತಾರೆ. ಉದ್ಯಾನದ ಬಹುತೇಕ ಕಡೆ ಗಾಳದ ಅವಧಿ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಆಮೇಲೆ ರಸ್ತೆಗಳೂ ಒಂದೊಂದಾಗಿ ಹಿಮದಡಿ ಮುಚ್ಚುತ್ತವೆ.

ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದವರಿಗೆ ಗಾಳದ ಹುಚ್ಚು ಹೊಸದಲ್ಲ. ಮೂಡಿಗೆರೆಯ ಸುತ್ತಿನ ಹೊಳೆಗಳಲ್ಲಿ ಗಾಳ ಹಿಡಿದು ಕೂರುತ್ತಿದ್ದ ಅವರು ಅದನ್ನು ಹೊತ್ತು ಕಳೆಯುವ ಆಟವಾಗಿ ಕಾಣಲಿಲ್ಲ, ಹೊಳೆಯನ್ನು ಅರಿಯುವ ದಾರಿಯಾಗಿ ಕಂಡರು. ಆದರೆ ನಮ್ಮಲ್ಲಿ ಗಾಳವೆಂದರೆ ಎರೆಹುಳು, ಹಿಟ್ಟಿನ ಉಂಡೆ ಅಥವಾ ಸಣ್ಣ ಮೀನು. ದಾರದ ತುದಿಗೆ ಸೀಸದ ಗುಂಡು ಕಟ್ಟಿ ಎಸೆದರೆ ಆ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಈ ಲೆಕ್ಕ ತಲೆಕೆಳಗು. ಇಲ್ಲಿ ಕೊಕ್ಕೆಗೆ ಗರಿ, ನೂಲು, ತುಪ್ಪಳ ಸುತ್ತಿ ಮಾಡಿದ ಹುಸಿ ಕೀಟವೇ ಮೀನಿಗೆ ಒಡ್ಡುವ ಆಸೆ. ಅದಕ್ಕೆ ತೂಕವೇ ಇಲ್ಲದ ಕಾರಣ ಎಸೆದರೆ ಎದುರಿಗೇ ಬೀಳುತ್ತದೆ. ಆದ್ದರಿಂದ ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ಪ್ಲಾಸ್ಟಿಕ್ ಲೇಪದ ದಪ್ಪ ದಾರವನ್ನು ಸುಮಾರು 9 ಅಡಿ ಉದ್ದದ ಕೋಲಿನಿಂದ ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಮತ್ತೆ ಮುಂದಕ್ಕೆ ಬೀಸಬೇಕು. ದಾರದ ತುದಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ, ಕೆಲವೊಮ್ಮೆ 0.15 ಮಿಲಿಮೀಟರ್ ದಪ್ಪದ ನೈಲಾನ್ ಎಳೆ. ಅದರ ತುದಿಗೆ ಹುಸಿ ಕೀಟ.

ಹೊಸಬರು ಎಡವುವುದು ಆ ಹಿಂದಿನ ಕಾಯುವಿಕೆಯಲ್ಲಿ. ದಾರ ಬಿಚ್ಚಿಕೊಳ್ಳುವ ಮುನ್ನವೇ ಕೈ ಮುಂದಕ್ಕೆ ಧಾವಿಸುತ್ತದೆ. ಆಗ ಚಟೀರೆಂದು ಸದ್ದಾಗಿ ಕೊಕ್ಕೆ ಕಿತ್ತು ಹೋಗುತ್ತದೆ, ಇಲ್ಲವೇ ಹಿಂದಿನ ಪೊದೆಗೆ ಸಿಕ್ಕಿಕೊಳ್ಳುತ್ತದೆ. ತೋಳಿನ ಬಲಕ್ಕೆ ಇಲ್ಲಿ ಬೆಲೆಯಿಲ್ಲ. ಬೀಸುವುದು ಕೋಲಿನ ಬಳುಕಿನ ಕೆಲಸ. ಆ ಬಳುಕಿಗಾಗಿಯೇ ಒಂದು ಕಾಲಕ್ಕೆ ಚೀನಾದ ಟೊಂಕಿನ್ ಬಿದಿರನ್ನು ಉದ್ದುದ್ದ ಸೀಳಿ, ಆರು ಸೀಳುಗಳನ್ನು ಅಂಟಿಸಿ ಕೋಲು ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಗಾಜಿನ ನಾರು ಬಂತು, 1970ರ ದಶಕದಲ್ಲಿ ಗ್ರಾಫೈಟ್ ಬಂತು. ಬಿದಿರಿನ ಕೋಲು ಕೈಯಿಂದ ಕಡೆದು ಮಾಡುವ ಕುಶಲಿಗರು ಈಗಲೂ ಇದ್ದಾರೆ. ಅವರು ಮಾಡಿದ್ದನ್ನು ತಿಂಗಳುಗಟ್ಟಲೆ ಕಾದು ಕೊಳ್ಳುವವರೂ ಇದ್ದಾರೆ.

ಈ ವಿದ್ಯೆ ಅಮೆರಿಕದ್ದಲ್ಲ, ಇಂಗ್ಲೆಂಡಿನದೂ ಅಲ್ಲ. ಕ್ರಿಸ್ತಶಕ 200ರ ಸುಮಾರಿನ ರೋಮನ್ ಬರಹಗಾರ ಈಲಿಯನ್, ಮ್ಯಾಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ, ಚುಕ್ಕೆಯ ಮೀನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಗ್ರಂಥ 1496ರದು. ಯಾವ ತಿಂಗಳಿಗೆ ಯಾವ ಕೀಟ ಕಟ್ಟಬೇಕೆಂಬ ವಿವರ ಅದರಲ್ಲೇ ಇದೆ. ಅದನ್ನು ಬರೆದವಳು ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಎಂಬ ಪ್ರತೀತಿಯಿದೆ. ಐಸಾಕ್ ವಾಲ್ಟನ್‌ನ ಪ್ರಸಿದ್ಧ ಪುಸ್ತಕ ಬಂದದ್ದು 1653ರಲ್ಲಿ. ನಾರ್ಮನ್ ಮ್ಯಾಕ್ಲೀನ್‌ರ 1976ರ ಕಥನವನ್ನು ಆಧರಿಸಿ ರಾಬರ್ಟ್ ರೆಡ್‌ಫೋರ್ಡ್ 1992ರಲ್ಲಿ ಮಾಡಿದ ‘ಎ ರಿವರ್ ರನ್ಸ್ ಥ್ರೂ ಇಟ್’ ಚಿತ್ರ ನೋಡಿ ಮೊಂಟಾನಾಕ್ಕೆ ಕೋಲು ಹಿಡಿದು ಬಂದವರಿಗೆ ಲೆಕ್ಕವಿಲ್ಲ.

ಕೀಟ ಕಟ್ಟುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ವೆಸ್ಟ್ ಯೆಲ್ಲೋಸ್ಟೋನ್‌ನ ಗಾಳದ ಅಂಗಡಿಯೊಂದರ ಮೂಲೆಯಲ್ಲಿ, ಮೇಜಿಗೆ ಬಿಗಿದ ಸಣ್ಣ ಹಿಡಿಕೆಗೆ ಅಕ್ಕಿಕಾಳಿನಷ್ಟೇ ಇರುವ ಕೊಕ್ಕೆಯನ್ನು ಸಿಕ್ಕಿಸಿಕೊಂಡು ಕೂತ ವೃದ್ಧರೊಬ್ಬರ ಬೆರಳುಗಳನ್ನು ನಾನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಮೊದಲು ಆಲಿವ್ ಬಣ್ಣದ ನೂಲನ್ನು ಕೊಕ್ಕೆಯ ಬೆನ್ನಿಗೆ ಒತ್ತೊತ್ತಾಗಿ ಸುತ್ತಿದರು. ಹುಂಜದ ಗರಿಯಿಂದ ಮೂರು ಎಳೆ ಕಿತ್ತು ಬಾಲಕ್ಕೆ ಇಟ್ಟರು. ಮೊಲದ ಮುಖದ ತುಪ್ಪಳವನ್ನು ನೂಲಿಗೆ ತೀಡಿ, ಒಡಲು ಬಾಲದ ಕಡೆ ಸಪೂರ, ಎದೆಯ ಕಡೆ ತುಸು ದಪ್ಪ ಬರುವಂತೆ ಹೊಸೆದರು. ಕೊನೆಗೆ ಬೂದುಬಣ್ಣದ ಪುಟ್ಟ ಗರಿಯೊಂದನ್ನು ಎದೆಯ ಸುತ್ತ ಎರಡೇ ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಮೂರನೇ ಸುತ್ತು ಬಿದ್ದರೆ ಕೀಟ ನೀರಿನ ಮೇಲೆ ಎತ್ತರಕ್ಕೆ ನಿಲ್ಲುತ್ತದೆ, ಮೀನು ಅನುಮಾನಿಸುತ್ತದೆ ಎಂದರು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಅಮುಕಿ ಮಟ್ಟಸ ಮಾಡಿದ ಮೇಲೇ ಅದನ್ನು ಡಬ್ಬಿಗೆ ಹಾಕಿದ್ದು. ಉದ್ಯಾನದೊಳಗೆ ಹಿಮ್ಮುಳ್ಳಿನ ಕೊಕ್ಕೆಗೆ ಅವಕಾಶವಿಲ್ಲ.

ಆ ಮೇಜಿನ ಡ್ರಾಯರಿನಲ್ಲಿ ನವಿಲುಗರಿಯ ಕಟ್ಟೂ ಇತ್ತು. ನವಿಲುಗರಿಯ ಹಸಿರು ಮಿನುಗಿನ ಎಳೆ ನೀರೊಳಗೆ ಕೀಟದ ಒಡಲಿನಂತೆ ಹೊಳೆಯುವುದರಿಂದ ಫ್ಲೈ ಕಟ್ಟುವವರ ಪಾಲಿಗೆ ಅದು ಬಿಟ್ಟಿರಲಾಗದ ವಸ್ತು. ಇನ್ನೊಂದು ನಂಟು ನಮ್ಮ ಪಶ್ಚಿಮ ಘಟ್ಟಕ್ಕೇ ಸೇರಿದ್ದು. ಮಲೆನಾಡಿನ ಕಾಡಂಚಿನಲ್ಲಿ ಬೆಳಗ್ಗೆ ಕೂಗುವ ಬೂದು ಕಾಡುಕೋಳಿಯ ಹುಂಜಕ್ಕೆ ಕತ್ತಿನ ಗರಿಗಳ ತುದಿಯಲ್ಲಿ ಮೇಣ ಹಚ್ಚಿದಂಥ ಬಿಳಿ-ಹಳದಿ ಚುಕ್ಕೆಗಳಿರುತ್ತವೆ. ಬ್ರಿಟಿಷರ ಕಾಲದಲ್ಲಿ ಸಾಲ್ಮನ್ ಮೀನಿನ ಅಲಂಕಾರದ ಫ್ಲೈಗಳಿಗೆ ಕಣ್ಣಾಗಿ ಕೂರಿಸಲು ಈ ಗರಿಗೆ ವಿಪರೀತ ಬೇಡಿಕೆ ಇತ್ತು. ದಕ್ಷಿಣ ಭಾರತದಿಂದ ಕತ್ತಿನ ಚರ್ಮಗಳು ಹಡಗೇರಿ ಹೋದವು. ಈಗ ಆ ಹಕ್ಕಿಗೆ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ವಿದೇಶದಲ್ಲಿ ಸಿಗುವ ಗರಿ ಅಲ್ಲೇ ಸಾಕಿ ಬೆಳೆಸಿದ ಕೋಳಿಯದು. ಒಂದು ಹವ್ಯಾಸದ ಚೆಂದಕ್ಕಾಗಿ ನಮ್ಮ ಕಾಡಿನ ಎಷ್ಟು ಹುಂಜಗಳು ಸತ್ತವೋ ಎಂದು ನೆನೆದರೆ ಸಂಕಟವಾಗುತ್ತದೆ. ಈ ಕಲೆಯನ್ನು ಮೆಚ್ಚುವಾಗ ಇದನ್ನೂ ಮರೆಯಬಾರದು.

ಮ್ಯಾಡಿಸನ್ನಿನ ಹುಟ್ಟೇ ವಿಶಿಷ್ಟ. ಫೈರ್‌ಹೋಲ್ ಮತ್ತು ಗಿಬ್ಬನ್ ಎಂಬ ಎರಡು ಹೊಳೆಗಳು ಉದ್ಯಾನದೊಳಗೆ ಕೂಡಿ ಮ್ಯಾಡಿಸನ್ ಆಗುತ್ತವೆ. ಫೈರ್‌ಹೋಲ್‌ಗೆ ಓಲ್ಡ್ ಫೇತ್‌ಫುಲ್ ಸೇರಿದಂತೆ ನೂರಾರು ಬಿಸಿನೀರಿನ ಬುಗ್ಗೆಗಳ ನೀರು ಬಂದು ಬೀಳುತ್ತದೆ. ಟ್ರೌಟ್ ತಣ್ಣೀರಿನ ಮೀನು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ, 20 ಡಿಗ್ರಿ ದಾಟಿದರೆ ಮೀನು ಬಸವಳಿಯುತ್ತದೆ. ಹಾಗಾಗಿ ಜುಲೈ, ಆಗಸ್ಟಿನಲ್ಲಿ ಇಲ್ಲಿನ ಮೀನುಗಳು ತಂಪಾದ ಉಪತೊರೆಗಳಿಗೆ ಸರಿದುಕೊಳ್ಳುತ್ತವೆ. ಶರತ್ಕಾಲದ ಕೊನೆಗೆ ಲೆಕ್ಕ ಬದಲಾಗುತ್ತದೆ. ಸುತ್ತಲಿನ ತೊರೆಗಳು ಮಂಜಿನಷ್ಟು ತಣ್ಣಗಾದಾಗ ಭೂಗರ್ಭದ ಬಿಸಿ ಬೆರೆತ ಮ್ಯಾಡಿಸನ್ ಹದವಾಗಿರುತ್ತದೆ. ಬೆಳಗಿನ ಚಳಿಯಲ್ಲಿ ನದಿಯುದ್ದಕ್ಕೂ ಹಬೆ ಏಳುವುದನ್ನು ಕಾಣಬಹುದು.

ನದಿಗೆ ಈ ಹೆಸರಿಟ್ಟವರು 1805ರಲ್ಲಿ ಈ ಕಡೆ ಬಂದ ಲೂಯಿಸ್ ಮತ್ತು ಕ್ಲಾರ್ಕ್. ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಮ್ಯಾಡಿಸನ್ ಮುಂದೆ ಅಧ್ಯಕ್ಷರಾದರು. ಹೆಬ್ಗೆನ್ ಸರೋವರ ಸಹಜವಾದದ್ದಲ್ಲ, ಮೊದಲ ಮಹಾಯುದ್ಧದ ಹೊತ್ತಿಗೆ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು. 1959ರ ಆಗಸ್ಟ್ 17ರ ರಾತ್ರಿ ಇಲ್ಲಿ ಭಾರಿ ಭೂಕಂಪವಾಗಿ, ಬೆಟ್ಟವೊಂದರ ಪಕ್ಕವೇ ಕುಸಿದು ಅಣೆಕಟ್ಟಿನ ಕೆಳಗೆ ನದಿಗೆ ಅಡ್ಡ ಬಿತ್ತು. 28 ಜನ ಸತ್ತರು. ಅಲ್ಲೊಂದು ಹೊಸ ಸರೋವರವೇ ಹುಟ್ಟಿತು, ಅದರ ಹೆಸರು ಕ್ವೇಕ್ ಲೇಕ್. ಅಲ್ಲಿಂದ ಎನ್ನಿಸ್ ಊರನ್ನು ಹಾದು ಥ್ರೀ ಫೋರ್ಕ್ಸ್ ಬಳಿ ಜೆಫರ್ಸನ್, ಗ್ಯಾಲಟಿನ್ ನದಿಗಳ ಜೊತೆ ಕೂಡಿ ಮ್ಯಾಡಿಸನ್ ಮಿಸೌರಿ ಮಹಾನದಿಯಾಗುತ್ತದೆ.

ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆ, ಅಕ್ಟೋಬರಿನ ಕೊನೆಯಲ್ಲಿ ಗಾಳದವರು ಕಾಯುವ ಹೊತ್ತು. ಬೇಸಿಗೆಯಲ್ಲಾದರೆ ಮುಂಜಾನೆ, ಮುಸ್ಸಂಜೆ. ಈಗ ನೀರು ತುಸುವಾದರೂ ಬೆಚ್ಚಗಾಗುವ ಈ ಮೂರು ಗಂಟೆಯೇ ಗತಿ. ಬಿಸಿಲಿನ ದಿನಕ್ಕಿಂತ ಮೋಡದ, ಜಡಿಹನಿಯ ದಿನವೇ ಲೇಸು. ಅಂಥ ದಿನ ಬ್ಲೂ ವಿಂಗ್ಡ್ ಆಲಿವ್ ಎಂಬ ಪುಟ್ಟ ಕೀಟ ನೀರಿನಿಂದ ಏಳುತ್ತದೆ. ಇದರ ಮರಿ ಹೊಳೆಯ ತಳದ ಕಲ್ಲುಗಳ ಸಂದಿಯಲ್ಲಿ ತಿಂಗಳುಗಟ್ಟಲೆ ಬೆಳೆಯುತ್ತದೆ. ಕಾಲ ಬಂದಾಗ ಮೇಲಕ್ಕೆ ಈಜಿ ಬಂದು, ನೀರಿನ ತೊಗಲಿಗೆ ಅಂಟಿಕೊಂಡು, ಬೆನ್ನು ಬಿರಿದು ರೆಕ್ಕೆಯ ಕೀಟವಾಗಿ ಹೊರಬರುತ್ತದೆ. ಬಿಸಿಲಿದ್ದರೆ ರೆಕ್ಕೆ ಬೇಗ ಒಣಗಿ ಹಾರಿಹೋಗುತ್ತದೆ. ತೇವದ ದಿನ ರೆಕ್ಕೆ ಒಣಗಲು ತಡವಾಗಿ ಬೂದುಬಣ್ಣದ ಹಾಯಿ ಎತ್ತಿಕೊಂಡು ಬಹುದೂರ ತೇಲುತ್ತದೆ. ಟ್ರೌಟ್‌ಗೆ ಅದೇ ಹಬ್ಬ. ದಡ ಸೇರಿದ ಕೀಟ ಮತ್ತೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟವರ್ಗ ಇದೊಂದೇ. ಬಲಿತ ಕೀಟಕ್ಕೆ ತಿನ್ನುವ ಬಾಯಿಯೇ ಇಲ್ಲ. ಕೂಡಿ, ಮೊಟ್ಟೆಯಿಟ್ಟು ಒಂದೆರಡು ದಿನದಲ್ಲಿ ಸಾಯುತ್ತದೆ.

ಹೀಗೆ ಕೀಟ ಏಳುತ್ತಿರುವಾಗ ನೀರಿನ ಮೇಲೆ ಸಣ್ಣ ಉಂಗುರಗಳು ಕಾಣಿಸತೊಡಗುತ್ತವೆ. ಒಂದೊಂದು ಉಂಗುರವೂ ಒಂದೊಂದು ಮೀನು ಬಾಯಿ ತೆರೆದು ಮುಚ್ಚಿದ ಗುರುತು. ಟ್ರೌಟ್ ಮೇಲ್ಮುಖವಾಗಿ, ಹರಿವಿಗೆ ಎದುರಾಗಿ ಒಂದೇ ಕಡೆ ನಿಂತಿರುತ್ತದೆ. ವೇಗದ ಸೆಳವಿನ ಪಕ್ಕದಲ್ಲಿ ನಿಧಾನದ ನೀರು ಹರಿಯುವ ಗೆರೆಯೇ ಅದಕ್ಕೆ ಇಷ್ಟ. ಶ್ರಮವಿಲ್ಲದೆ ನಿಲ್ಲಬಹುದು, ಆಹಾರ ತಾನಾಗಿ ಎದುರಿಗೆ ಬರುತ್ತದೆ. ಆ ಗೆರೆಯಲ್ಲಿ, ಮೀನಿಗಿಂತ ನಾಲ್ಕೈದು ಅಡಿ ಮೇಲೆ, ಹುಸಿ ಕೀಟವನ್ನು ಸದ್ದಿಲ್ಲದೆ ಇಳಿಸಬೇಕು. ಇಳಿಸಿದರಷ್ಟೇ ಸಾಲದು. ನಡುವಿನ ವೇಗದ ಸೆಳವು ದಾರವನ್ನು ಎಳೆದರೆ ಕೀಟವೂ ಅದರ ಹಿಂದೆ ಜರುಗುತ್ತದೆ. ನಿಜವಾದ ಕೀಟ ಹಾಗೆ ಅಡ್ಡಡ್ಡ ಓಡುವುದಿಲ್ಲವೆಂದು ಮೀನಿಗೆ ಗೊತ್ತು. ದಾರವನ್ನು ಮೇಲಕ್ಕೆತ್ತಿ ಹರಿವಿನ ಮೇಲ್ಬದಿಗೆ ಮಗುಚಿ ಹಾಕುತ್ತ, ಕೀಟ ತನ್ನ ಪಾಡಿಗೆ ತೇಲುವಂತೆ ನೋಡಿಕೊಳ್ಳುವುದರಲ್ಲೇ ಇಡೀ ವಿದ್ಯೆಯ ಸಾರ ಇದೆ. ಎರಡು ಚಿಟಿಕೆಯ ಹೊತ್ತು ಹಾಗೆ ತೇಲಿದರೆ ಸಾಕು.

ಸರೋವರದಿಂದ ಏರಿ ಬರುವ ದೊಡ್ಡ ಮೀನುಗಳಿಗೆ ಬೇರೆ ಪಾಠ. ಅವು ಹಸಿವಿಗಿಂತ ಸಿಟ್ಟಿನಿಂದ ಬಾಯಿ ಹಾಕುತ್ತವೆ. ಉದ್ಯಾನದ ಪಶ್ಚಿಮ ಗಡಿಯ ಬಳಿ ಬಾರ್ನ್ಸ್ ಹೋಲ್ಸ್ ಎಂಬ ಮಡುಗಳಿವೆ. ಕುದುರೆ ಗಾಡಿಗಳ ಕಾಲದಲ್ಲಿ ಲಾಯಗಳಿದ್ದ ಜಾಗವಾದ್ದರಿಂದ ಆ ಹೆಸರು. ಅಲ್ಲಿ ಬೆಳಗಿನ ಜಾವವೇ ಜನ ಸೇರುತ್ತಾರೆ, ಆದರೆ ತಳ್ಳಾಟವಿಲ್ಲ. ಬಂದವರು ಮಡುವಿನ ತಲೆಯಲ್ಲಿ ಸಾಲಿಗೆ ನಿಲ್ಲುತ್ತಾರೆ. ಒಮ್ಮೆ ಬೀಸಿದ ಮೇಲೆ ಒಂದೆರಡು ಹೆಜ್ಜೆ ಕೆಳಕ್ಕೆ ಸರಿಯಬೇಕು, ಮತ್ತೆ ಬೀಸಬೇಕು. ಮಡುವಿನ ಬಾಲ ಮುಟ್ಟಿದವರು ನೀರಿನಿಂದ ಹತ್ತಿ ಹೋಗಿ ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು. ಎಲ್ಲೂ ಬರೆದಿಡದ ಈ ಸರದಿಯನ್ನು ಮುರಿದವರನ್ನು ಯಾರೂ ಬೈಯುವುದಿಲ್ಲ, ಆದರೆ ಅವರೊಡನೆ ಯಾರೂ ಮಾತಾಡುವುದೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಶರತ್ಕಾಲದ ಕೊನೆಯ ಗಾಳಕ್ಕೆ ಬೇರೆಲ್ಲ ಕಾಲಕ್ಕಿಲ್ಲದ ಒಂದು ಜವಾಬ್ದಾರಿಯಿದೆ. ಅಕ್ಟೋಬರ್, ನವೆಂಬರ್ ಬ್ರೌನ್ ಟ್ರೌಟ್ ಮೊಟ್ಟೆ ಇಡುವ ಕಾಲ. ಹೆಣ್ಣು ಮೀನು ಮೊಣಕಾಲುದ್ದದ, ಒಂದೇ ಹದದಲ್ಲಿ ಹರಿಯುವ ನೀರಿನಲ್ಲಿ ಗೋಲಿಯಿಂದ ನಿಂಬೆಗಾತ್ರದವರೆಗಿನ ಕಲ್ಲಿರುವ ತಾವನ್ನು ಆರಿಸಿಕೊಳ್ಳುತ್ತದೆ. ದಡದ ಮೇಲೆ ಅಲುಗಾಡದೆ ಕೂತರೆ ಅದನ್ನು ಕಣ್ಣಾರೆ ನೋಡಬಹುದು. ಮೀನು ಇದ್ದಕ್ಕಿದ್ದಂತೆ ಒಂದು ಮಗ್ಗುಲಿಗೆ ಹೊರಳಿ, ಬಾಲವನ್ನು ಐದಾರು ಸಲ ಪಟಪಟನೆ ತಳಕ್ಕೆ ಬಡಿಯುತ್ತದೆ. ಹೂಳು, ಪಾಚಿ ಎದ್ದು ಮೋಡದಂತೆ ಹರಿದುಹೋಗುತ್ತದೆ. ಕಲ್ಲುಗಳು ಮೇಲೆದ್ದು ತುಸು ಕೆಳಗೆ ಬೀಳುತ್ತವೆ. ಸುಸ್ತಾಗಿ ಕೆಳಕ್ಕೆ ಜಾರಿ, ಮತ್ತೆ ಬಂದು ಬಡಿಯುತ್ತದೆ. ಅದರ ಬಾಲದ ಅಂಚು ಸವೆದು ಬೆಳ್ಳಗಾಗಿರುವುದು ದೂರಕ್ಕೂ ಕಾಣುತ್ತದೆ. ಹಿಂದೆ ದವಡೆ ಕೊಕ್ಕೆಯಂತೆ ಬಾಗಿದ, ಹೊಟ್ಟೆ ಹೊನ್ನಿನ ಬಣ್ಣಕ್ಕೆ ತಿರುಗಿದ ಗಂಡು ಕಾಯುತ್ತಿರುತ್ತದೆ, ಬೇರೆ ಗಂಡುಗಳನ್ನು ಅಟ್ಟುತ್ತಿರುತ್ತದೆ. ಗುಂಡಿಯಲ್ಲಿ ಮೊಟ್ಟೆ ಬಿದ್ದ ಮೇಲೆ ಹೆಣ್ಣು ಅದರ ಮೇಲ್ಭಾಗದಲ್ಲಿ ಮತ್ತೆ ಅಗೆಯುತ್ತದೆ. ಅಲ್ಲಿ ಎದ್ದ ಕಲ್ಲುಗಳು ಹರಿದು ಬಂದು ಮೊಟ್ಟೆಗೆ ಹೊದಿಕೆಯಾಗುತ್ತವೆ.

ಆ ಕಲ್ಲಿನಡಿ ಮೊಟ್ಟೆಗಳು ಇಡೀ ಚಳಿಗಾಲ ಇರುತ್ತವೆ. ಮರಿ ಒಡೆದ ಮೇಲೂ, ಹೊಟ್ಟೆಗಂಟಿದ ಭಂಡಾರ ಮುಗಿಯುವ ತನಕ, ಅದೇ ಸಂದಿಯಲ್ಲಿರುತ್ತದೆ. ವಸಂತದಲ್ಲಿ ಹೊರಬರುವವರೆಗೂ ಅದಕ್ಕೆ ಓಡಿಹೋಗುವ ಶಕ್ತಿಯಿಲ್ಲ. ಹೊಳೆಯ ತಳದಲ್ಲಿ ಅಂಥ ಜಾಗ ಸುತ್ತಲಿನ ಪಾಚಿಗಟ್ಟಿದ ಕಂದು ಕಲ್ಲಿನ ನಡುವೆ ತಿಕ್ಕಿ ತೊಳೆದಂತೆ ಬೆಳ್ಳಗೆ ಕಾಣುತ್ತದೆ. ಗೊತ್ತಿದ್ದವರು ಸುತ್ತಿ ಹೋಗುತ್ತಾರೆ. ಗೊತ್ತಿಲ್ಲದವರು ಕಾಲೂರಲು ಗಟ್ಟಿ ಜಾಗವೆಂದು ಅದರ ಮೇಲೇ ನಡೆಯುತ್ತಾರೆ. ಹೀಗೆ ನಡೆದರೆ ಏನಾಗುತ್ತದೆಂದು ಮೊಂಟಾನಾದ ಇಬ್ಬರು ಸಂಶೋಧಕರು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. ಮೊಟ್ಟೆಯಿಂದ ಮರಿ ಹೊರಬರುವ ತನಕ ದಿನಕ್ಕೆ ಎರಡು ಸಲ ತುಳಿದ ಕಡೆ ಶೇ 96ರವರೆಗೆ ಸತ್ತಿದ್ದವು. ಮರಿ ಒಡೆಯುವ ಮುನ್ನ ಒಂದೇ ಒಂದು ಸಲ ತುಳಿದರೂ ಶೇ 43ರವರೆಗೆ ಸಾವು. ಹಿಡಿದ ಮೀನನ್ನು ಎಷ್ಟೇ ಜತನದಿಂದ ಬಿಟ್ಟರೂ, ಬೂಟಿನಡಿ ಮುಂದಿನ ಪೀಳಿಗೆ ನುಗ್ಗಾಗಿದ್ದರೆ ಆ ಜತನಕ್ಕೆ ಬೆಲೆಯಿಲ್ಲ.

ಮೊಟ್ಟೆಯ ಜಾಗದ ಮೇಲೆ ನಿಂತ ಮೀನಿಗೆ ಗಾಳ ಹಾಕುವುದು ಬಲು ಸುಲಭ. ಅದು ಕಣ್ಣಿಗೆ ಕಾಣುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ, ಹತ್ತಿರ ಬಂದದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಅಷ್ಟು ಸುಲಭವಾದ್ದರಿಂದಲೇ ಈ ಕಲೆಯನ್ನು ಬಲ್ಲವರು ಅದನ್ನು ಮಾಡುವುದಿಲ್ಲ. ಏರಿ ಬರುತ್ತಿರುವ ಮೀನಿಗೆ ಮಡುವಿನಲ್ಲಿ ಗಾಳ ಹಾಕಬಹುದೇ ಎಂಬ ಬಗ್ಗೆ ಅವರಲ್ಲೇ ಎರಡು ಮತವಿದೆ. ಮಡುವಿನಲ್ಲಿ ಸರಿ, ಜಲ್ಲಿಯ ಮೇಲೆ ಬೇಡ ಎಂಬುದು ಹೆಚ್ಚಿನವರ ನಿಲುವು. ಅಕ್ಟೋಬರ್ ನಡುವಿನಿಂದಾಚೆಗೆ ಬ್ರೌನ್ ಟ್ರೌಟಿನ ತಂಟೆಗೇ ಹೋಗದೆ, ಅದರ ಹಿಂದೆ ಮೊಟ್ಟೆ ತಿನ್ನಲು ಬರುವ ರೇನ್‌ಬೋ ಟ್ರೌಟಿಗೆ, ಕೀಟ ಏಳುವ ಹೊತ್ತಿಗೆ ಮಾತ್ರ ಬೀಸುವವರಿದ್ದಾರೆ. ನನಗೆ ಸರಿ ಕಂಡದ್ದು ಇವರದೇ ದಾರಿ.

ಬ್ರೌನ್ ಟ್ರೌಟ್ ಈ ನದಿಯ ಮೂಲನಿವಾಸಿಯಲ್ಲ ಎಂಬುದನ್ನೂ ಹೇಳಲೇಬೇಕು. ಅದು ಯುರೋಪಿನ ಮೀನು. ಜರ್ಮನಿಯ ಬ್ಯಾರನ್ ಫಾನ್ ಬೆರ್ ಕಳಿಸಿದ ಮೊಟ್ಟೆಗಳು 1883ರಲ್ಲಿ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದವು. ಫ್ರೆಡ್ ಮ್ಯಾದರ್ ಎಂಬ ಮೀನುಪಾಲಕ ಅವನ್ನು ಮರಿ ಮಾಡಿಸಿದರು. 1884ರಲ್ಲಿ ಮಿಷಿಗನ್ನಿನ ಪೀರ್ ಮಾರ್ಕೆಟ್ ನದಿಗೆ ಮರಿಗಳನ್ನು ಬಿಡಲಾಯಿತು. 1890ರಲ್ಲಿ ಫೈರ್‌ಹೋಲ್‌ನ ಉಪತೊರೆಯೊಂದಕ್ಕೂ ಬಂದವು. ರೇನ್‌ಬೋ ಪೆಸಿಫಿಕ್ ಕರಾವಳಿಯಿಂದ ತಂದದ್ದು. ಇಲ್ಲಿನ ಮೂಲ ಮೀನುಗಳಾದ ವೆಸ್ಟ್‌ಸ್ಲೋಪ್ ಕಟ್‌ತ್ರೋಟ್ ಮತ್ತು ಆರ್ಕ್ಟಿಕ್ ಗ್ರೇಲಿಂಗ್ ಇವುಗಳ ಪೈಪೋಟಿಯಲ್ಲಿ ಮೂಲೆಗುಂಪಾದವು. ಉದ್ಯಾನದ ಆಡಳಿತ ಈಗ ಕೆಲವು ತೊರೆಗಳ ತಲೆಯಲ್ಲಿ ಹೊರಗಿನ ಮೀನು ತೆಗೆದು ಮೂಲದವನ್ನು ಮರಳಿ ನೆಲೆಗೊಳಿಸುತ್ತಿದೆ.

ಮ್ಯಾಡಿಸನ್ ಇನ್ನೊಂದು ದೊಡ್ಡ ಪಾಠ ಕಲಿಸಿತು. 1960ರ ದಶಕದವರೆಗೆ ಅಮೆರಿಕದ ಎಲ್ಲ ಕಡೆಯಂತೆ ಇಲ್ಲೂ ಸಾಕಣೆ ಕೇಂದ್ರದ ಮೀನನ್ನು ಟ್ಯಾಂಕರಿನಲ್ಲಿ ತಂದು ನದಿಗೆ ಸುರಿಯುತ್ತಿದ್ದರು. ಮೀನು ಹೆಚ್ಚು ಸುರಿದಷ್ಟೂ ಹೊಳೆ ತುಂಬುತ್ತದೆಂದೇ ಎಲ್ಲರ ನಂಬಿಕೆ. ಡಿಕ್ ವಿನ್ಸೆಂಟ್ ಎಂಬ ಜೀವವಿಜ್ಞಾನಿ ಎನ್ನಿಸ್ ಬಳಿಯ ಭಾಗಗಳಲ್ಲಿ ವರ್ಷಗಟ್ಟಲೆ ಮೀನು ಎಣಿಸಿ, ಸುರಿಯುವುದನ್ನು ನಿಲ್ಲಿಸಿದ ಕಡೆ ಹೊಳೆಯಲ್ಲೇ ಹುಟ್ಟಿದ ಮೀನು ಹೆಚ್ಚಾಗುತ್ತದೆ, ಸುರಿದ ಕಡೆ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಸಾಕಿದ ಮೀನಿನ ಗುಂಪು ಕಾಡು ಮೀನಿನ ನೆಲೆ ಕೆಡಿಸುತ್ತಿತ್ತು. ಅಂಗಡಿಯವರೂ ಹೋಟೆಲಿನವರೂ ರೇಗಿದರು, ಆದರೂ 1974ರಿಂದ ಮೊಂಟಾನಾ ತನ್ನ ಟ್ರೌಟ್ ನದಿಗಳಿಗೆ ಮೀನು ಸುರಿಯುವುದನ್ನು ನಿಲ್ಲಿಸಿತು. ವೆಸ್ಟ್ ಯೆಲ್ಲೋಸ್ಟೋನ್‌ನಲ್ಲಿ ಗಾಳದ ಅಂಗಡಿ ನಡೆಸುತ್ತಿದ್ದ ಬಡ್ ಲಿಲ್ಲಿಯಂಥವರು ಹಿಡಿದು ಬಿಡುವ ಪದ್ಧತಿಯನ್ನು ಗಿರಾಕಿಗಳಿಗೆ ಹೇಳಿಕೊಟ್ಟರು. 1994ರಲ್ಲಿ ಯುರೋಪಿನ ಪರೋಪಜೀವಿಯೊಂದರಿಂದ ಬರುವ ವರ್ಲಿಂಗ್ ರೋಗ ಇಲ್ಲಿ ಪತ್ತೆಯಾಯಿತು. ಕೆಲವು ಭಾಗಗಳಲ್ಲಿ ರೇನ್‌ಬೋ ಹತ್ತರಲ್ಲಿ ಒಂಬತ್ತು ಪಾಲು ಇಲ್ಲವಾದವು. ಆಗಲೂ ನದಿಗೆ ಮೀನು ಸುರಿಯಲಿಲ್ಲ. ಬದುಕುಳಿದವೇ ನಿಧಾನವಾಗಿ ಸಂಖ್ಯೆ ಹೆಚ್ಚಿಸಿಕೊಂಡವು.

2021ರ ನವೆಂಬರ್ 30ರ ಬೆಳಗಿನ ಜಾವ ಹೆಬ್ಗೆನ್ ಅಣೆಕಟ್ಟಿನ ಗೇಟಿನ ಒಂದು ಭಾಗ ಮುರಿದು ಕೆಳಗಿನ ನದಿಗೆ ನೀರು ಹಠಾತ್ತನೆ ಕುಗ್ಗಿತು. ಬ್ರೌನ್ ಟ್ರೌಟ್ ಮೊಟ್ಟೆಯಿಟ್ಟು ಮುಗಿಸಿದ ಹೊತ್ತು ಅದು. ಅಂಚಿನ ಜಲ್ಲಿಯೆಲ್ಲ ಬಯಲಾಯಿತು, ಸಣ್ಣ ಗುಂಡಿಗಳಲ್ಲಿ ಮೀನುಗಳು ಸಿಕ್ಕಿಬಿದ್ದವು. ಸುದ್ದಿ ಹರಡಿದ್ದೇ ತಡ ಎನ್ನಿಸ್, ವೆಸ್ಟ್ ಯೆಲ್ಲೋಸ್ಟೋನ್, ಬೋಜ್‌ಮನ್ ಕಡೆಯ ಗೈಡುಗಳು, ಅಂಗಡಿಯವರು, ಗಾಳದ ಹವ್ಯಾಸಿಗಳು ಬಕೆಟ್ಟು, ಬಲೆ ಹಿಡಿದು ಬಂದರು. ಸಿಕ್ಕಿಬಿದ್ದ ಮೀನುಗಳನ್ನು ಎತ್ತಿ ಎತ್ತಿ ಹರಿಯುವ ನೀರಿಗೆ ಬಿಟ್ಟರು. ಸುಮಾರು ಎರಡು ದಿನಕ್ಕೆ ಗೇಟು ದುರಸ್ತಿಯಾಗಿ ನೀರು ಮರಳಿತು. ಒಂದು ನದಿಯ ಮೇಲೆ ಜನರಿಗೆ ಎಷ್ಟು ಪ್ರೀತಿಯಿದೆಯೆಂದು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆಂದು ನನಗನಿಸುವುದಿಲ್ಲ.

ತಿನ್ನದ ಮೀನಿಗೆ ಗಾಳ ಚುಚ್ಚಿ ಬಿಡುವುದು ಹಿಂಸೆಯಲ್ಲವೇ ಎಂದು ನಮ್ಮಲ್ಲಿ ಹಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಗಾಳ ಚುಚ್ಚಿದ ಮೀನು ದಣಿಯುತ್ತದೆ, ಕೆಲವು ಸಾಯುತ್ತವೆ. ಅದಕ್ಕಾಗಿಯೇ ಹಿಮ್ಮುಳ್ಳು ಬೇಡ, ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಮೀನನ್ನು ನೀರಿನಿಂದ ಮೇಲೆತ್ತಬಾರದು, ಹರಿವಿಗೆ ಮುಖ ಮಾಡಿ ಹಿಡಿದು ತಾನಾಗಿ ಹೋಗುವವರೆಗೆ ಕಾಯಬೇಕು ಎಂಬ ನೇಮಗಳು. ಬೇಸಿಗೆಯಲ್ಲಿ ನೀರು ಬಿಸಿಯಾದಾಗ ಮೊಂಟಾನಾದಲ್ಲಿ ಮಧ್ಯಾಹ್ನ 2ರಿಂದ ಮಧ್ಯರಾತ್ರಿಯವರೆಗೆ ಗಾಳವನ್ನೇ ನಿಷೇಧಿಸುತ್ತಾರೆ. ಹಿಂಸೆ ಇಲ್ಲವೇ ಇಲ್ಲವೆಂದು ನಾನು ವಾದಿಸಲಾರೆ. ಆದರೆ ಆ ನದಿಗೆ ಅಣೆಕಟ್ಟು, ಗಣಿ, ರೋಗ ಬಂದಾಗಲೆಲ್ಲ ಮೊದಲು ದನಿ ಎತ್ತಿದವರು ಗಾಳದವರೇ ಎಂಬುದೂ ನಿಜ. 1959ರಲ್ಲಿ ಮಿಷಿಗನ್ನಿನ ಔಸೇಬಲ್ ನದಿಯ ದಡದಲ್ಲಿ ಶುರುವಾದ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆ ಇಂದು ಅಮೆರಿಕದ ತಣ್ಣೀರಿನ ನದಿಗಳ ಪರ ಕೆಲಸ ಮಾಡುವ ದೊಡ್ಡ ಬಳಗ.

ಈ ಮೀನು ಭಾರತಕ್ಕೂ ಬಂದಿದೆ. ಕಾಶ್ಮೀರಕ್ಕೆ 1899ರಲ್ಲಿ ಕಳಿಸಿದ ಮೊಟ್ಟೆಗಳು ದಾರಿಯಲ್ಲೇ ಹಾಳಾದವು, 1900ರಲ್ಲಿ ಬಂದವು ಬದುಕಿದವು. ಅಲ್ಲಿಂದ 1909ರಲ್ಲಿ ಕುಲುವಿಗೆ ಹೋದವು. ಇಂದಿಗೂ ಹಿಮಾಚಲದ ತೀರ್ಥನ್ ಹೊಳೆಯಲ್ಲಿ ಬ್ರೌನ್ ಟ್ರೌಟ್ ಇದೆ, ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು ಗಾಳ ಹಾಕಬಹುದು. ನೀಲಗಿರಿಯ ಅವಲಾಂಚಿಯಲ್ಲಿ ಕಳೆದ ಶತಮಾನದ ಆರಂಭದಲ್ಲೇ ಟ್ರೌಟ್ ಮರಿ ಕೇಂದ್ರ ಕಟ್ಟಿದ್ದರು. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಕಾರಣ ಮ್ಯಾಡಿಸನ್ನಿನದೇ, ಅದು ಮೊಟ್ಟೆಯ ಕಾಲ.

ಕರ್ನಾಟಕದ ಹೊಳೆಗಳಲ್ಲಿ ಟ್ರೌಟ್ ಇಲ್ಲ, ಆದರೆ ಹೊಳೆ ಹತ್ತುವ ಮೀನು ಇದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೆರೆ, ಹೊಳೆಗಳಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನುಗಳ ಹೊಟ್ಟೆ ತುಂಬ ಮೊಟ್ಟೆ. ಮಲೆನಾಡಿನಲ್ಲಿ ಆ ರಾತ್ರಿಗಳು ಕತ್ತಿ, ಟಾರ್ಚು, ಕೂಣಿ ಹಿಡಿದು ಹೊರಡುವ ರಾತ್ರಿಗಳು. ಅದರ ಸಡಗರ ನನಗೂ ಗೊತ್ತು, ಅಜ್ಜ-ಅಜ್ಜಿಯರ ಕಾಲದಿಂದ ಬಂದದ್ದು. ಆದರೆ ಅಂದಿನ ಹಳ್ಳಗಳಿಗೆ ಇಂದಿನಷ್ಟು ಮರಳು ಲಾರಿ, ತೋಟದ ವಿಷ, ಚೆಕ್‌ಡ್ಯಾಂಗಳಿರಲಿಲ್ಲ, ಮೀನೂ ಈಗಿನಷ್ಟು ಕಡಿಮೆಯಿರಲಿಲ್ಲ. ಕರಾವಳಿಯ ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಲಂಗರು ಹಾಕುತ್ತವೆ. ಹಳ್ಳದ ದಂಡೆಯ ನಾವೂ ಅಂಥ ಬಿಡುವನ್ನು ಪಾಲಿಸಬಹುದು. ಬರುವ ಮುಂಗಾರಿನಲ್ಲಿ, ಏರಿ ಬರುವ ಮೀನನ್ನು ಏರಲು ಬಿಡಿ, ಗದ್ದೆಯ ಅಂಚಿನ ಬಾಯಿಗೆ ಕೂಣಿ ಇಡಬೇಡಿ. ಮರಿಗಳು ಹೊಳೆಗೆ ಇಳಿದ ಮೇಲೆ, ಸೆಪ್ಟೆಂಬರಿನಲ್ಲಿ ಗಾಳ ಹಿಡಿದು ಕೂತರಾಯಿತು.